ಸ್ವಿಚ್ ಒತ್ತಿದ ಕೈ

ಜನವರಿ 8, ಸೋಮವಾರ

ಬೆಳಿಗ್ಗೆ ಮೊದಲ ಕೆಲಸ ಮರ ಕೆತ್ತುವ ರೂಟರ್ ಮಶೀನಿನ ಹೊಟ್ಟೆ ಬಗೆಯುವುದು. ಪ್ಲಗ್ ಕಿತ್ತೆ. ವೈರನ್ನು ಕುತ್ತಿಗೆಗೆ ಸುತ್ತಿಕೊಂಡೆ. ಪ್ಲಗ್ ಎದೆಯ ಮೇಲೆ ತೂಗುತ್ತಿರಬೇಕು, ಕಣ್ಣಿಗೆ ಕಾಣಬೇಕು, ಆಮೇಲೆ ಬೆರಳು ಒಳಗೆ. ಗಾಳಿಕಂಡಿಯಲ್ಲಿ ಒಡುಂ ಮರದ ಪುಡಿ ಹಿಟ್ಟಿನ ಹಾಗೆ ಮೆತ್ತಿತ್ತು. ಸೈಕಲ್ ಪಂಪ್‌ನಿಂದ ಊದಿದೆ. ಮೋಟಾರಿನ ಕಾರ್ಬನ್ ಬ್ರಷ್ ಸವೆದು ಉಗುರಿನಷ್ಟಾಗಿದೆ. ಮೊನ್ನೆಯಿಂದ ಕಿಡಿ ಹಾರುತ್ತಿದ್ದದ್ದು ಅದಕ್ಕೇ. ಹೊಸ ಜೋಡಿ ಹಾಕಿದೆ. ಮರ ಕೊರೆಯುವ ಬಿಟ್ ಕಚ್ಚುವ ಬಾಯಿಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಅಲ್ಲಿ ಚೂರು ಅಂಟು ಇದ್ದರೂ ಬಿಟ್ ಜಾರುತ್ತದೆ. ಜಾರಿ ಹಾರಿದ ಬಿಟ್ ಯಾರ ಕಣ್ಣಿಗೆ ಹೋಗುತ್ತದೋ ಹೇಳಲು ಬರುವುದಿಲ್ಲ.

ಬೊನ್ಸು ಬಂದ. ಎಂಟಕ್ಕೆ ಬರಬೇಕಾದವನು ಹತ್ತಕ್ಕೆ. ಯಜಮಾನಿಯ ಹಿರಿಮಗ, ಕೇಳುವವರು ಯಾರು.

"ಓಹೋ, ಪ್ಲಗ್ ರಾಣಿ ಸರ ಹಾಕ್ಕೊಂಡು ಕೂತವ್ಳೆ! ಮದ್ವೆ ಯಾವಾಗ?"

"ನಿನ್ನ ಹೆಣ ಎತ್ತಿದ ಮಾರನೇ ದಿನ."

ಅವನ ತಮ್ಮ ಎನ್ಟಿಮ್ ಕೂತಲ್ಲೇ ಬಿದ್ದು ಬಿದ್ದು ನಕ್ಕ. ಅವನು ಒಳ್ಳೆಯವನು. ಉಳಿ ಹಿಡಿಯಲು ನಾನೇ ಕಲಿಸಿದ್ದು. ಈಗ ಅವನಿಗೇ ಎರಡು ಮಕ್ಕಳಿವೆ, ಆದರೂ ನನ್ನನ್ನು ಕಂಡರೆ ಅಕ್ಕಾ ಅಕ್ಕಾ ಎಂದು ಹಿಂದೆ ಬೀಳುತ್ತಾನೆ.

ಜನವರಿ 10, ಬುಧವಾರ

ಮೈಯೆಲ್ಲ ಇನ್ನೂ ಉರಿಯುತ್ತಿದೆ ಸಿಟ್ಟಿಗೆ.

ಕರೆಂಟು ಬೆಳಿಗ್ಗೆಯಿಂದ ಆಟ ಆಡಿತು. ಕುಮಾಸಿ ಊರಿನ ಲೈಟು ಮನೆಹಾಳ ಅಳಿಯನ ಹಾಗೆ. ಹೇಳಿ ಬರುವುದಿಲ್ಲ, ಹೇಳಿ ಹೋಗುವುದಿಲ್ಲ. ನಮ್ಮ ಬಡಗಿ ಸಾಲಿನವರದ್ದು ಇನ್ನೊಂದು ದರಿದ್ರ ಪದ್ಧತಿ. ಲೈಟ್ ಹೋದರೆ ಯಾರೂ ಮಶೀನಿನ ಸ್ವಿಚ್ ಆರಿಸುವುದಿಲ್ಲ. ಒತ್ತಿದ್ದನ್ನು ಒತ್ತಿದ ಹಾಗೇ ಬಿಟ್ಟು ನೆರಳಿಗೆ ಹೋಗಿ ಕೆಂಕಿ ಮುದ್ದೆ ತಿನ್ನುತ್ತಾ ಕೂರುತ್ತಾರೆ. ಲೈಟ್ ಬಂದ ಕೂಡಲೇ ಸಾಲಿನ ಮಶೀನುಗಳೆಲ್ಲ ಒಟ್ಟಿಗೆ ಕಿರುಚುತ್ತವೆ. ಆಗ ಎಲ್ಲರೂ "ಬಂತೋ!" ಎಂದು ಎದ್ದು ಓಡುತ್ತಾರೆ. ಒಂದು ಬಲ್ಬ್ ಹಾಕಿಕೊಳ್ಳಿರೋ ಎಂದರೆ, "ಬಲ್ಬ್ ನೋಡ್ಕೊಂಡು ಯಾರ್ ಕೂರ್ತಾರೆ ಅಕ್ಕಾ, ಮಶೀನೇ ಕೂಗ್ತದಲ್ಲ" ಎನ್ನುತ್ತಾರೆ. ಪ್ಲಗ್ ಕೀಳುವವಳು ನಾನೊಬ್ಬಳೇ. ಅದಕ್ಕೇ ಪ್ಲಗ್ ರಾಣಿ.

ಮಧ್ಯಾಹ್ನ ಬೊನ್ಸು ಅಮ್ಮನ ಹತ್ತಿರ ನನ್ನ ಮೇಲೆ ರಾಗ ತೆಗೆದ. ರೂಟರ್ ಯಾವಾಗಲೂ ಕೊನಾಡು ಕೈಯಲ್ಲೇ ಯಾಕೆ, ಗಂಡಸರು ಸತ್ತಿದ್ದಾರಾ. ಯಜಮಾನಿ ಮಾಮೆ ಡುಫಿ, "ಒಂದು ಹಲಗೆ ಅವ್ನೂ ಮಾಡ್ಲಿ ಬಿಡೇ" ಎಂದಳು. ಸರಿ, ಕೊಟ್ಟೆ. ಪಕ್ಕದಲ್ಲೇ ನಿಂತು ಹೇಳಿದೆ: ಎರಡು ಕೈಯಲ್ಲಿ ಹಿಡಿ. ಎಡದಿಂದ ಬಲಕ್ಕೆ ತಳ್ಳು, ಬಿಟ್ ತಿರುಗುವುದಕ್ಕೆ ಎದುರಾಗಿ. ಆಳ ಒಂದೇ ಸಲ ಬೇಡ, ಮೂರು ಸಲಕ್ಕೆ ಇಳಿಸು. ಅಂಗಿಯ ತೋಳು ಮಡಚು.

ಯಾವುದನ್ನೂ ಕೇಳಲಿಲ್ಲ. ಪೂರ್ತಿ ಆಳಕ್ಕೆ ಇಳಿಸಿ ಬಲದಿಂದ ಎಡಕ್ಕೆ ಎಳೆದ. ರೂಟರ್ ಹಗ್ಗ ಹರಿದ ಹೋತದ ಹಾಗೆ ಓಡಿತು. ಅಂಚು ಹತ್ತಿ ಎಗರಿ ಸೀದಾ ಅವನ ಹೊಟ್ಟೆಯ ಕಡೆಗೆ. ಕೈ ಬಿಟ್ಟ! ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತು ತಿರುಗುವುದನ್ನು ಗಾಳಿಯಲ್ಲಿ ಕೈ ಬಿಟ್ಟ. ನಾನು ಹಾರಿ ವೈರ್ ಎಳೆದು ಪ್ಲಗ್ ಕಿತ್ತೆ. ಊರ ಮುಖ್ಯಸ್ಥರ ಮನೆಯ ಬಾಗಿಲಿನ ಹಲಗೆ. ಮೂಲೆ ಪೂರ್ತಿ ಕಿತ್ತು ಬಂತು.

ಕೈಗೆ ಸಿಕ್ಕ ರೀಪು ತೆಗೆದುಕೊಂಡು ಬಾರಿಸಿದೆ. ಬೆನ್ನಿಗೆ, ತೊಡೆಗೆ, ಬಾಯಿಗೆ, ಮತ್ತೆ ಬೆನ್ನಿಗೆ. ರೀಪು ಮುರಿಯಿತು. ಸಾಲಿನವರೆಲ್ಲ ಸೇರಿದರು. ಎಲ್ಲರ ಎದುರಿಗೇ ಕೂಗಿದೆ:

"ಇನ್ನೊಂದ್ಸಲ ಈ ಮಶೀನ್ ಮುಟ್ಟಿದ್ರೆ ಆ ಕೈನೇ ಕತ್ತರಿಸಿ ಹಾಕ್ತೀನಿ!"

"ಸಾಕು ಬಿಡೇ, ಸಾಯಿಸಿಬಿಡ್ತೀಯಾ?" ಎಂದು ಮಾಮೆ ಡುಫಿ ನಡುವೆ ಬಂದಳು. ಹಲಗೆ ನೋಡಿದಳು. ಮಗನ ಕಡೆ ತಿರುಗಿ, "ಬಾಗಿಲು ಕೊನಾಡುನೇ ಮಾಡ್ಲಿ. ಮಶೀನೂ ಅವಳದ್ದೇ. ನೀನು ಮರ ಹೊರು" ಎಂದಳು.

ತುಟಿ ಒಡೆದಿತ್ತು ಅವನಿಗೆ. ರಕ್ತ ಉಗುಳಿದ. ನನ್ನ ಕಾಲಿನ ಹತ್ತಿರವೇ ಉಗುಳಿದ.

ಜನವರಿ 15, ಸೋಮವಾರ, ಸಂಜೆ

ಕೈ ತೊಳೆದೆ, ಮತ್ತೆ ತೊಳೆದೆ. ಉಗುರಿನ ಸಂದಿಯಲ್ಲಿ ಇನ್ನೂ ಇದೆ.

ಲೈಟ್ ಇತ್ತು ಆಗ. ನಾನು ಬಿಟ್‌ಗಳನ್ನು ಸಾಣೆಗೆ ಕೊಡಲು ಹಿಂದಿನ ಸಾಲಿಗೆ ಹೋಗಿದ್ದೆ. ಮೊಂಡಾದ ಬಿಟ್ ಮರ ಕಡಿಯುವುದಿಲ್ಲ, ಸುಡುತ್ತದೆ. ಪ್ಲಗ್ ಕಿತ್ತು ವೈರ್ ಸುತ್ತಿಟ್ಟೇ ಹೋದದ್ದು. ವಾಪಸ್ ಬರುವಾಗ ಲೈಟ್ ಹೋಗಿತ್ತು, ಸಾಲೆಲ್ಲ ತಣ್ಣಗೆ. ಅಂಗಡಿಯ ಬಾಗಿಲಿಗೆ ಬಂದೆ. ಬೊನ್ಸು ನನ್ನ ಬೆಂಚಿನ ಮೇಲೆ ಬಗ್ಗಿದ್ದಾನೆ. ರೂಟರ್ ಮಗುಚಿದೆ, ಎಡಗೈಯಲ್ಲಿ ಸ್ಪ್ಯಾನರ್, ಬಲಗೈ ಬಿಟ್ಟಿನ ಮೇಲೆ. ವೈರ್ ಎಲ್ಲಿ ಎಂದು ನೋಡಿದೆ. ಗೋಡೆಯಲ್ಲಿ. ಪ್ಲಗ್ ಗೋಡೆಯಲ್ಲೇ ಇತ್ತು!

ಕೂಗಲು ಬಾಯಿ ತೆರೆದೆ. ಆಗಲೇ ಲೈಟ್ ಬಂತು.

ಸಾಲಿನ ಮಶೀನುಗಳೆಲ್ಲ ಕಿರುಚಿದವು. ನಮ್ಮದೂ ಕಿರುಚಿತು. ಸ್ಪ್ಯಾನರ್ ಹಾರಿ, ಮೂಲೆಯಲ್ಲಿ ಮರಳುಕಾಗದ ಉಜ್ಜುತ್ತಿದ್ದ ಕೆಲಸದ ಹುಡುಗ ಇಸಾಕನ ಬಾಯಿಗೆ ಬಡಿಯಿತು. ಬೊನ್ಸುವಿನ ಕೈ... ಮೊದಲು ಕೆಂಪು ಮಂಜಿನ ಹಾಗೆ ಎದ್ದಿತು, ಗೋಡೆಗೆ, ನನ್ನ ಮುಖಕ್ಕೆ. ಹೊರಗೆ ಎಲ್ಲರೂ "ಬಂತೋ!" ಎಂದು ನಗುತ್ತಾ ಓಡುತ್ತಿದ್ದರು. ಒಳಗೆ ಅವನು ಅರಚುತ್ತಿದ್ದ. ನಾನು ಓಡಿ ಪ್ಲಗ್ ಕಿತ್ತೆ.

ಎರಡು ಬೆರಳು ಹೋಗಿವೆ. ಮೂರನೆಯದು ತೊಗಲಿಗೆ ನೇತಾಡುತ್ತಿತ್ತು. ನನ್ನ ತಲೆಬಟ್ಟೆ ಬಿಚ್ಚಿ ಬಿಗಿದೆ. ಜನ ಒಳಗೆ ನುಗ್ಗಿದರು. ಅವರು ಕಂಡದ್ದು ಇಷ್ಟೇ: ಬೊನ್ಸು ನೆಲದ ಮೇಲೆ, ನಾನು ಅವನ ಮೇಲೆ ಬಗ್ಗಿದ್ದೇನೆ, ನನ್ನ ಒಂದು ಕೈಯಲ್ಲಿ ಇನ್ನೂ ಪ್ಲಗ್ ಇದೆ.

"ಇವ್ಳೇ!" ಎಂದ ಬೊನ್ಸು. "ಇವ್ಳೇ ಪ್ಲಗ್ ಹಾಕಿದ್ದು! ನೋಡಿ, ಕೈಲೇ ಅದೆ! ಕೈ ಕತ್ತರಿಸ್ತೀನಿ ಅಂದಿದ್ಲು, ಕತ್ತರಿಸಿದ್ಲು!"

ಯಾರೂ ನನ್ನನ್ನು ಏನೂ ಕೇಳಲಿಲ್ಲ. ಎನ್ಟಿಮ್ ಅಣ್ಣನನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಓಡುವಾಗ ಒಂದು ಸಲ ತಿರುಗಿ ನೋಡಿದ.

ಎಲ್ಲರೂ ಹೋದ ಮೇಲೆ ರೂಟರ್ ಎತ್ತಿದೆ. ಸ್ವಿಚ್ಚನ್ನು ಒತ್ತಿ ಹಿಡಿದಿಡುವ ಲಾಕ್ ಒತ್ತಿದ ಹಾಗೇ ಇತ್ತು.

ಜನವರಿ 16, ಮಂಗಳವಾರ

ಇಸಾಕನನ್ನು ಹುಡುಕಿ ಹಿಡಿದೆ. ಕೆನ್ನೆ ಬನ್ನಿನ ಹಾಗೆ ಊದಿದೆ, ಮುಂದಿನ ಹಲ್ಲಿಲ್ಲ.

"ನೋಡ್ದೆ ಅಕ್ಕಾ. ನೀನು ಆ ಕಡೆ ಹೋದ ತಕ್ಷಣ ಮಶೀನ್ ತಗೊಂಡ. ಒಂದು ಗೆರೆ ಹೊಡೆದ, ಅಷ್ಟ್ರಲ್ಲಿ ಲೈಟ್ ಹೋಯ್ತು. ಸ್ವಿಚ್ ಹಂಗೇ ಬಿಟ್ಟ, ನಾವೆಲ್ಲ ಬಿಡಲ್ವಾ, ಹಂಗೆ. ಆಮೇಲೆ ಬೇರೆ ಬಿಟ್ ಹಾಕಣ ಅಂತ ಬಿಚ್ಚಕ್ಕೆ ಹೋದ."

"ಹೋಗಿ ಹೇಳೋ ಮತ್ತೆ ಯಜಮಾನಿಗೆ!"

"ನಾನು ಉತ್ತರದ ಕಡೆಯವ್ನು. ನನ್ನ ಮಾತು ಇಲ್ಲಿ ಯಾರ್ ಕೇಳ್ತಾರೆ? ನನ್ನನ್ನೇ ಮುಗಿಸ್ತಾರೆ."

ಊದಿದ ಕೆನ್ನೆಗೇ ಹೊಡೆದೆ. ಅವನು ತಡೆಯಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ. ಥೂ, ನನ್ನ ಕೈ ಯಾಕೆ ಹೀಗೆ. ಅವನು ಹೇಳಿದ್ದು ನಿಜ ಎಂದು ಗೊತ್ತಿದ್ದೇ ಹೊಡೆದೆ.

ಮಧ್ಯಾಹ್ನ ಮಾಮೆ ಡುಫಿ ಆಸ್ಪತ್ರೆಯಿಂದ ನೇರ ಸಾಲಿಗೆ ಬಂದಳು. ಬರಿತಲೆ. ಕೆಂಪು ಬಟ್ಟೆ ಉಟ್ಟಿದ್ದಳು. ಒಂದು ಕೈಯಲ್ಲಿ ಮೊಟ್ಟೆಗಳ ಬಟ್ಟಲು, ಇನ್ನೊಂದರಲ್ಲಿ ಜಿನ್ ಬಾಟಲಿ. ಸಾಲಿನ ನಡುವೆ ನಿಂತು ಹೇಳಿದಳು:

"ಎಲ್ರೂ ಕೇಳ್ಕೊಳ್ಳಿ. ನಾಳೆ ನದಿಗೆ ಹೋಗ್ತೀನಿ. ನನ್ನ ಮಗನ ಬೆರಳು ತಿಂದ ಆ ಮಶೀನಿಗೆ ಜೀವ ಕೊಟ್ಟ ಕೈ ಯಾವ್ದೋ, ಸ್ವಿಚ್ ಒತ್ತಿದ ಕೈ ಯಾವ್ದೋ, ಆ ಕೈ ಕೊಳೀಲಿ. ತೋಳಿಗೆ ಹತ್ಲಿ, ಎದೆಗೆ ಹತ್ಲಿ. ಮೊಟ್ಟೆ ಒಡೆದು ಹೇಳ್ತೀನಿ."

ಇಲ್ಲಿ ಪೊಲೀಸರಿಗೆ ಹೆದರದ ಗಂಡಸು ನದಿಗೆ ಹೆದರುತ್ತಾನೆ, ಅಲ್ಲಿ ಮೊಟ್ಟೆ ಒಡೆದು ಹಾಕಿದ ಶಾಪ ತಪ್ಪುವುದಿಲ್ಲ. ಒಬ್ಬೊಬ್ಬರೇ ಹಿಂದೆ ಸರಿದರು. ನಾನು ಮಾತ್ರ ಒಳಗೊಳಗೇ ಕುಣಿದೆ. ಒಡೆಯಲಿ! ನದಿಗಾದರೂ ಸತ್ಯ ಗೊತ್ತು. ನನ್ನ ಕೈ ಶುದ್ಧವಾಗಿದೆ.

ಮನೆಗೆ ಬಂದು ಊಟಕ್ಕೆ ಫುಫು ಕುಟ್ಟುತ್ತಿದ್ದೆ. ಒನಕೆ ಎತ್ತಿದವಳು ಎತ್ತಿದ ಹಾಗೇ ನಿಂತೆ. ಸ್ವಿಚ್ ಒತ್ತಿದ ಕೈ. ಅದು ಬೊನ್ಸುವಿನದ್ದೇ ಅಲ್ಲವೇ? ಅವನ ಬಲಗೈ. ಈಗ ಆಸ್ಪತ್ರೆಯಲ್ಲಿ ಬ್ಯಾಂಡೇಜಿನಲ್ಲಿ ಇರುವ ಕೈ. ಹೆತ್ತ ತಾಯಿ ತನ್ನ ಬಾಯಿಯಿಂದಲೇ ಮಗನನ್ನು...

ಸಾಯಲಿ ಎಂದು ಒಂದು ಗಳಿಗೆ ಅನ್ನಿಸಿತು. ಸುಳ್ಳು ಯಾಕೆ ಬರೆಯಲಿ. ಆದರೆ ಅವಳು ನನಗೆ ಅನ್ನ ಹಾಕಿದವಳು. ಅವಳ ಗಂಡ ನನಗೆ ಕೆಲಸ ಕಲಿಸಿದವನು. ನಾಳೆ ಅವಳು ಹೊರಡುವ ಮೊದಲೇ ಹೋಗಿ ತಡೆಯಬೇಕು.

ಫೆಬ್ರವರಿ 2, ಶುಕ್ರವಾರ

ಎಡಗೈ. ಕೋಳಿ ಕೆದರಿದ ಹಾಗಿದೆ ಅಕ್ಷರ. ಒಂದು ಸಾಲಿಗೆ ಕಾಲು ಗಂಟೆ.

ಬಲಗೈ ಪ್ಲಾಸ್ಟರಿನಲ್ಲಿದೆ. ಬೆರಳ ತುದಿಗಳು ಮಾತ್ರ ಹೊರಗೆ. ನೇರಳೆ ಬಣ್ಣ. ಅಲ್ಲಾಡುವುದಿಲ್ಲ.

ಫೆಬ್ರವರಿ 5, ಸೋಮವಾರ

ಆವತ್ತಿನದ್ದು ಬರೆಯಬೇಕು. ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ಬೆಳಿಗ್ಗೆಯೇ ಹೋದೆ. ಮಾಮೆ ಡುಫಿ ಅಂಗಡಿಯ ಎದುರು ಹೊರಟು ನಿಂತಿದ್ದಳು. ಎನ್ಟಿಮ್, ಅವನ ಜೊತೆಗೆ ಇಬ್ಬರು ದಾಯಾದಿಗಳು.

"ಅಮ್ಮಾ, ಹೋಗ್ಬೇಡ. ಮೊಟ್ಟೆ ಒಡೀಬೇಡ."

"ಯಾಕೆ? ನಿಂಗ್ಯಾಕೆ ನಡುಕ?"

"ಒಡೆದ್ರೆ ಬೊನ್ಸು ಸಾಯ್ತಾನಮ್ಮಾ!"

ಹೇಳಬಾರದ ಹಾಗೆ ಹೇಳಿಬಿಟ್ಟೆ. ಸ್ವಿಚ್ ಒತ್ತಿದ್ದು ಅವನೇ ಎಂದು ಮೊದಲು ಹೇಳಬೇಕಿತ್ತು. ಅದು ಬಾಯಿಗೆ ಬರುವಷ್ಟರಲ್ಲಿ ಅವಳು ಕಿರುಚಿದಳು:

"ಕೇಳಿದ್ರಾ! ನನ್ನ ಮಗನ್ನ ಸಾಯಿಸ್ತಾಳಂತೆ! ನದಿ ಅಂದ ತಕ್ಷಣ ಬಾಯಿ ಬಿಟ್ಲು ನೋಡಿ!"

ದಾಯಾದಿಗಳು ಹಿಡಿದರು. ಒಬ್ಬನ ಮುಂಗೈ ಕಚ್ಚಿ ತೊಗಲು ಕಿತ್ತೆ. ಇನ್ನೊಬ್ಬನ ತೊಡೆಸಂದಿಗೆ ಮೊಣಕಾಲಿನಿಂದ ಗುದ್ದಿದೆ. ಆದರೂ ಎಳೆದುಕೊಂಡು ಹೋಗಿ ನನ್ನ ಬೆಂಚಿಗೇ ಒತ್ತಿ ಹಿಡಿದರು. ಬಲಗೈ ಚಾಚಿಸಿದರು. ಎನ್ಟಿಮ್ ಮರದ ಕೊಡತಿ ತೆಗೆದುಕೊಂಡ, ಉಳಿಗೆ ಬಡಿಯುವುದು.

"ಎನ್ಟಿಮ್, ನಾನು ಕಣೋ. ಕೇಳಿಲ್ಲಿ, ಸ್ವಿಚ್ಚು..."

"ಅಣ್ಣನ ಕೈ ನೋಡಿದ್ಯಾ ನೀನು? ನೋಡಿದ್ಯಾ?" ಎಂದು ಅಳುತ್ತಾ ಎತ್ತಿದ.

ಮೊದಲ ಏಟು ಗೊತ್ತಾಯಿತು. ಆಮೇಲಿನವುಗಳ ಸದ್ದು ಮಾತ್ರ ಗೊತ್ತಾಯಿತು. ಒಣಕಟ್ಟಿಗೆ ಮುರಿಯುವ ಸದ್ದು. ಸಾಲಿನವರು ಇದ್ದರು, ಯಾರೂ ಬಿಡಿಸಲಿಲ್ಲ. ಮಾಮೆ ಡುಫಿ ಮುಖ ತಿರುಗಿಸಿಕೊಂಡು ಟ್ರೊಟ್ರೊ ವ್ಯಾನು ಹತ್ತಿದಳು. ನದಿಗೆ ಹೋದಳು.

ಕೊನೆಗೆ ಎತ್ತಿಕೊಂಡು ಆಸ್ಪತ್ರೆಗೆ ಹೋದದ್ದು ಇಸಾಕ. ದಾರಿಯುದ್ದಕ್ಕೂ ಎಲ್ಲರಿಗೂ ಕೇಳುವ ಹಾಗೆ ಬೊನ್ಸುದೇ ತಪ್ಪು ಎಂದು ಕೂಗುತ್ತಿದ್ದನಂತೆ. ಈಗ ಕೂಗಿದ, ಬಡಪಾಯಿ. ನನಗೆ ನೆನಪಿಲ್ಲ.

ಇನ್ನು ರೂಟರ್ ಹಿಡಿಯಲು ಆಗುವುದಿಲ್ಲ ಎಂದರು ಡಾಕ್ಟರು. ಚಮಚ ಹಿಡಿದರೆ ಪುಣ್ಯವಂತೆ.

ಕೊಳೆಯಲಿ. ಅವನ ಕೈ ಕೊಳೆಯಲಿ. ನದಿ ತಾಯಿ, ಬೇಗ ಮಾಡು.

ಫೆಬ್ರವರಿ 9, ಶುಕ್ರವಾರ

ಬಂದಿದ್ದಳು ಮಾಮೆ ಡುಫಿ.

ಬಾಗಿಲಲ್ಲೇ ಮಂಡಿಯೂರಿದಳು. ಚಪ್ಪಲಿ ಇಲ್ಲ, ತಲೆಬಟ್ಟೆ ಇಲ್ಲ. ಬೊನ್ಸುವಿನ ಕೈ ಕಪ್ಪಾಯಿತಂತೆ. ಮಣಿಕಟ್ಟಿಗೆ ಕತ್ತರಿಸಿದರಂತೆ. ಆದರೂ ಕೊಳೆತ ನಿಲ್ಲದೆ ಮೊಣಕೈ ದಾಟಿದೆಯಂತೆ, ಜ್ವರದಲ್ಲಿ ಬಡಬಡಿಸುತ್ತಾನಂತೆ. ಮೊನ್ನೆ ಅವಳು ಹಾಸಿಗೆಯ ಪಕ್ಕ ಕೂತು, ಹೆದರಬೇಡ ಮಗನೇ, ನಿನಗೆ ಹೀಗೆ ಮಾಡಿದ ಕೈಗೆ ನದಿಯಲ್ಲಿ ಶಾಪ ಹಾಕಿ ಬಂದಿದ್ದೇನೆ ಎಂದು ಸಮಾಧಾನ ಹೇಳಿದಳಂತೆ. ಏನೆಂದು ಹಾಕಿದೆ ಎಂದು ಕೇಳಿದನಂತೆ. ಹೇಳಿದಳಂತೆ.

"ಎದ್ದು ಕೂತ್ಬಿಟ್ಟ ಕಣೇ. 'ಅಮ್ಮಾ, ನನ್ನನ್ನೇ ಕೊಂದ್ಯಲ್ಲಮ್ಮಾ' ಅಂದ. ಎಲ್ಲಾ ಹೇಳ್ದ. ಲಾಕ್ ಒತ್ತಿದ್ದು ತಾನೇ ಅಂದ. ನೀನು ಪ್ಲಗ್ ಕಿತ್ತಿದ್ದಕ್ಕೇ ಆವತ್ತು ಪ್ರಾಣ ಉಳೀತು ಅಂದ. ಹೊಡ್ದೆ ಅವ್ನ. ಸಾಯೋ ಮಗನ ಕೆನ್ನೆಗೆ ಹೊಡ್ದೆ."

ನದಿಯ ಪೂಜಾರಿ ಹೇಳಿದ್ದಾನೆ: ಶಾಪ ಹಾಕಿದವಳೊಬ್ಬಳೇ ಬಂದರೆ ನದಿ ಬಿಡುವುದಿಲ್ಲ. ಸುಳ್ಳು ಹೊರಿಸಿಕೊಂಡವಳು ಬಂದು ತನ್ನ ಕೈಯಾರೆ ಜಿನ್ ಸುರಿದು, ಬಿಟ್ಟೆ ಎನ್ನಬೇಕು.

"ಸಾಯ್ಲಿ!" ಎಂದೆ. "ನಿನ್ನ ಮಗ ಸಾಯ್ಲಿ, ನೀನು ನೋಡು!"

ಒಲೆಯ ಮೇಲಿನ ಸಾರಿನ ಪಾತ್ರೆಗೆ ಒದ್ದೆ. ಅವಳ ಕಾಲಿಗೆ ಚೆಲ್ಲಿತು. ಬಿಸಿ ಇತ್ತು. ಅಲ್ಲಾಡಲಿಲ್ಲ. ಒನಕೆ ಎತ್ತಿ ಎಸೆದೆ, ಎಡಗೈಯ ಗುರಿ, ಗೋಡೆಗೆ ಬಿತ್ತು.

"ಹೊಡಿ," ಎಂದಳು. "ಹೊಡ್ದು ಬಾ. ಆದ್ರೆ ಬಾ."

ಬಾಯಿಗೆ ಬಂದದ್ದೆಲ್ಲ ಬೈದೆ. ಅವಳ ಗಂಡನನ್ನೂ ಬಿಡಲಿಲ್ಲ. ಗಂಟಲು ಬಿದ್ದುಹೋಯಿತು. ಆಮೇಲೆ ಅವಳೆದುರಿಗೇ ಕೂತೆ. ಆವತ್ತು ನಾನು ಹೋಗಿದ್ದು ಅವನನ್ನು ಉಳಿಸಲಿಕ್ಕೆ. ಅದಕ್ಕೇ ಕೈ ಹೋಯಿತು. ಈಗ ಅವನು ಸತ್ತರೆ ನನ್ನ ಕೈ ಸುಮ್ಮಸುಮ್ಮನೆ ಹೋದ ಹಾಗೆ. ಅದನ್ನು ನನ್ನಿಂದ ತಡೆಯಲು ಆಗುವುದಿಲ್ಲ. ಕರುಣೆ ಗಿರುಣೆ ಏನೂ ಅಲ್ಲ.

ಭಾನುವಾರ ಬರುತ್ತೇನೆ ಎಂದೆ.

ಫೆಬ್ರವರಿ 11, ಭಾನುವಾರ, ಸಂಜೆ

ಹೋಗಿ ಬಂದೆ.

ನದಿ ಎಂದರೆ ನದಿಯಲ್ಲ, ಮೊಣಕಾಲುದ್ದದ ನೀರು, ಮೀನು ತುಂಬಿವೆ. ಹಿಡಿಯುವ ಧೈರ್ಯ ಯಾರಿಗೂ ಇಲ್ಲ. ಕುರಿ ಕೊಯ್ದರು. ಪೂಜಾರಿ ಬಾಟಲಿಯ ಮುಚ್ಚಳ ತೆಗೆದು ಚಾಚಿದ. ಎಡಗೈ ಚಾಚಿದೆ.

ಬಾಟಲಿ ಹಿಂದಕ್ಕೆ ಎಳೆದುಕೊಂಡ. "ಏಯ್! ನದಿಗೆ ಎಡಗೈಲಿ ಕೊಡ್ತೀಯಾ? ಉಗಿದ ಹಂಗಾಗುತ್ತೆ. ಬಲಗೈ."

"ಬಲಗೈ ಇಲ್ಲ ಸ್ವಾಮೀ. ಕುಟ್ಟಿ ಹಾಕಿದ್ದಾರೆ."

"ಯಾರು?"

ನೊಣಗಳು ಕುರಿಯ ರಕ್ತದ ಮೇಲೆ ಗುಂಯ್ ಎನ್ನುತ್ತಿದ್ದವು. ಎನ್ಟಿಮ್ ಹಿಂದಿನಿಂದ ಮುಂದೆ ಬಂದ. ಅವನು ಬಂದಿರುವುದೇ ನನಗೆ ಗೊತ್ತಿರಲಿಲ್ಲ.

ಪೂಜಾರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಮುರಿದೋನು ನೀನೇ ಹಿಡಿಸು."

ಎನ್ಟಿಮ್ ಎದುರಿಗೆ ಮಂಡಿಯೂರಿದ. ಪ್ಲಾಸ್ಟರಿನಿಂದ ಹೊರಗಿರುವ ನನ್ನ ಬೆರಳುಗಳನ್ನು ಒಂದೊಂದಾಗಿ ತೆಗೆದು ಬಾಟಲಿಯ ಕುತ್ತಿಗೆಗೆ ಸುತ್ತಿದ. ಎರಡನೆಯ ಬೆರಳು ಮಡಚಿದಾಗ ಕಣ್ಣು ಕತ್ತಲೆ ಬಂತು. ಕಿರುಚಿದೆ, ಸುತ್ತಲಿನ ಹಕ್ಕಿಗಳೆಲ್ಲ ಎದ್ದು ಹಾರಿದವು. ಅವನು ನಿಲ್ಲಿಸಿದ. "ಮಾಡೋ ನಾಯಿ," ಎಂದೆ. ಮತ್ತೆ ಮಡಚಿದ. ಅವನ ಕಣ್ಣೀರು ನನ್ನ ಉಗುರಿನ ಮೇಲೆ ಬೀಳುತ್ತಿತ್ತು. ನನಗೆ ಒದೆಯಬೇಕು ಅನ್ನಿಸುತ್ತಿತ್ತು, ನೀರಲ್ಲಿ ಮುಳುಗಿಸಿ ಹಿಡಿಯಬೇಕು ಅನ್ನಿಸುತ್ತಿತ್ತು. ತನ್ನ ಎರಡೂ ಅಂಗೈಗಳಿಂದ ನನ್ನ ಮುಷ್ಟಿಯನ್ನು ಅದುಮಿ ಹಿಡಿದು ಬಾಟಲಿ ಬಗ್ಗಿಸಿದ.

"ಹೆಸರು ಹಿಡಿದು ಹೇಳು," ಎಂದ ಪೂಜಾರಿ.

"ಬೊನ್ಸುನ ಬಿಟ್ಟೆ," ಎಂದೆ. ಮಾಮೆ ಡುಫಿ ಕುಸಿದು ಬಿದ್ದು ಗೋಳೋ ಎಂದಳು. "ಅವ್ನ ತಾಯಿನ ಬಿಟ್ಟೆ." ಅದೂ ಬಂತು ಬಾಯಿಗೆ, ನಾನು ಅಂದುಕೊಂಡಿರಲಿಲ್ಲ.

"ಇನ್ನಾರಾದ್ರೂ?"

ಎನ್ಟಿಮ್ ಇನ್ನೂ ನನ್ನ ಕೈ ಹಿಡಿದೇ ಇದ್ದ. ಬಾಟಲಿಯಲ್ಲಿ ಇನ್ನೂ ಒಂದು ಗುಟುಕಿನಷ್ಟಿತ್ತು. ಮುಖ ಎತ್ತದೆ, ನನಗೆ ಮಾತ್ರ ಕೇಳುವ ಹಾಗೆ, "ನನ್ನ ಹೆಸರೂ ಹೇಳಕ್ಕಾ," ಎಂದ.

ಹೇಳಲಿಲ್ಲ.

ಪೂಜಾರಿ ಬಾಟಲಿ ತೆಗೆದುಕೊಂಡು ಮುಚ್ಚಳ ಹಾಕಿದ. ವಾಪಸ್ ಬರುವಾಗ ಟ್ರೊಟ್ರೊದಲ್ಲಿ ಆಸ್ಪತ್ರೆಯಿಂದ ಫೋನ್ ಬಂತು, ಜ್ವರ ಇಳಿಯುತ್ತಿದೆಯಂತೆ. ಮಾಮೆ ಡುಫಿ ನನ್ನ ಪಾದ ಮುಟ್ಟಿದಳು. ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ಎನ್ಟಿಮ್ ಕೂಡ ಆ ಕಡೆಯ ಕಿಟಕಿಯ ಆಚೆ ನೋಡುತ್ತಿದ್ದ.

ಈಗ ಬಾಗಿಲ ಹೊರಗೆ ಇದ್ದಾನೆ. ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬಂದಿದ್ದಾನೆ, ಚಿಕ್ಕದು ಕೆಮ್ಮುವುದು ಕೇಳಿಸುತ್ತಿದೆ. ಆಗಿನಿಂದ ತಟ್ಟುತ್ತಿದ್ದಾನೆ. "ಅಕ್ಕಾ, ನಂಗೇನಾದ್ರೂ ಆದ್ರೆ ಇವರ ಗತಿ ಏನು? ಒಂದೇ ಮಾತು ಅಕ್ಕಾ." ನದಿಯಲ್ಲಿ ಅವನಿಗೆ ಶಾಪ ಯಾರೂ ಹಾಕಿಲ್ಲ. ಆದರೂ ನಡುಗುತ್ತಾನೆ. ನಾನು ಹೆಸರು ಹೇಳದೆ ಉಳಿಸಿಕೊಂಡದ್ದೇ ಅವನಿಗೆ ಶಾಪ.

ಸುತ್ತಿಗೆ ಪಕ್ಕದಲ್ಲೇ ಇದೆ. ಎಡಗೈಗೂ ಸುತ್ತಿಗೆ ಹಿಡಿಯಲು ಬರುತ್ತದೆ, ನೋಡಿದೆ.

ಮತ್ತೆ ತಟ್ಟಿದ. ಮಗು ಅಳುತ್ತಿದೆ. ಏಳುತ್ತೇನೆ. ಬಾಗಿಲು ತೆರೆದು ಅವನ ಮುಖ ಕಂಡರೆ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ, ಸುತ್ತಿಗೆ ಮಾತ್ರ ಇಲ್ಲೇ, ಈ ಪುಸ್ತಕದ ಮೇಲೆ ಬಿಟ್ಟು ಹೋಗುತ್ತೇನೆ.